ಕ್ಯಾಮೆರಾ ಕಣ್ಣಿಗೆ ಗಡಿಯಿಲ್ಲ, ಕಾಗದಕ್ಕಿದೆ

ಆದವಾನಿ, ಆಲೂರು, ರಾಯದುರ್ಗ, ಮಡಕಶಿರಾ ಸೀಮೆಯ ಹೊಲಗಳಲ್ಲಿ ಈಚೆಗೆ ಹೊಸದೊಂದು ಕಂಬ ಕಾಣಿಸುತ್ತಿದೆ. ಕರೆಂಟಿನ ಕಂಬ ಅಲ್ಲ. ಕೊಳವೆಬಾವಿಯ ಪಕ್ಕ ಒಂದು ಕಬ್ಬಿಣದ ಪೈಪು, ಅದರ ತುದಿಗೆ ಎರಡು ಅಂಗೈ ಅಗಲದ ಸೋಲಾರ್ ಫಲಕ, ಫಲಕದ ಕೆಳಗೆ ಸಿಮ್ ಹಾಕುವ ಕ್ಯಾಮೆರಾ. ಐದಾರು ಸಾವಿರ ರೂಪಾಯಿಯ ಮಾಲು. ಇದನ್ನು ರೈತ ಶೋಕಿಗೆ ಹಾಕಿಸಿದ್ದಲ್ಲ. ರಾತ್ರಿ ಕಳೆದು ಬೆಳಗಾಗುವುದರಲ್ಲಿ ಮೋಟಾರಿನ ಕೇಬಲ್ ಹೋಗುತ್ತದೆ, ಸ್ಟಾರ್ಟರ್ ಹೋಗುತ್ತದೆ, ಟ್ರಾನ್ಸ್‌ಫಾರ್ಮರಿನ ಹೊಟ್ಟೆ ಬಗೆದು ತಾಮ್ರ ತೆಗೆಯುತ್ತಾರೆ. ಗುಜರಿ ಅಂಗಡಿಯಲ್ಲಿ ಕಳ್ಳನಿಗೆ ಸಿಗುವುದು ಒಂದೆರಡು ದಿನದ ಕುಡಿತದ ದುಡ್ಡು. ರೈತನಿಗೆ ಹೋಗುವುದು ಹೊಸ ಕೇಬಲ್ಲಿನ ಬೆಲೆ, ಮಿಸ್ತ್ರಿಯ ಕೂಲಿ, ಅದರ ಮೇಲೆ ನಾಲ್ಕು ದಿನ ನೀರಿಲ್ಲದೆ ಬಾಡಿದ ಮೆಣಸಿನ ಗಿಡ. 2023ರಲ್ಲಿ ಟೊಮೆಟೊ ಬೆಲೆ ಕಿಲೋಗೆ ನೂರು ದಾಟಿದಾಗ ಮಹಾರಾಷ್ಟ್ರದಲ್ಲಿ ರೈತರು ಟೊಮೆಟೊ ಹೊಲಕ್ಕೇ ಕ್ಯಾಮೆರಾ ಹಾಕಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಪೇಟೆಯ ಮಂದಿ ನಕ್ಕರು. ನಾವು ನಗಲಿಲ್ಲ.

ಹಾಗಾಗಿ ಕ್ಯಾಮೆರಾ ಬೇಡ ಅನ್ನುವ ವಾದ ಈ ಬರಹದಲ್ಲಿ ಇಲ್ಲ. ನನ್ನ ಹೊಲದಲ್ಲೂ ಒಂದಿದೆ. ಕೇಳಬೇಕಾದದ್ದು ಬೇರೆ. ಈ ಕಣ್ಣು ಕಂಡದ್ದನ್ನು ಕೈಯಲ್ಲಿ ತಗೊಳ್ಳುವವರು ಯಾರು? ತಪ್ಪು ಕಂಡರೆ ಜವಾಬು ಹೇಳುವವರು ಯಾರು? ಎರಡು ರಾಜ್ಯಗಳ ಅಂಚಿನಲ್ಲಿ ಬದುಕುವ ನಮಗೆ ಈ ಪ್ರಶ್ನೆ ಬೆಂಗಳೂರಿನವರಿಗಿಂತ, ಹೈದರಾಬಾದಿನವರಿಗಿಂತ ಹೆಚ್ಚು ಕುತ್ತಿಗೆಗೆ ಬಂದಿದೆ.

ಎರಡು ವರ್ಷದ ಕೆಳಗೆ ನನ್ನ ಕೇಬಲ್ ಹೋಯಿತು. ಕ್ಯಾಮೆರಾ ತನ್ನ ಕೆಲಸ ಮಾಡಿತ್ತು. ಇಬ್ಬರು ಆಳು, ಒಂದು ಸರಕಿನ ಆಟೊ, ನಂಬರಿನ ಅರ್ಧ ಭಾಗ, ಆಟೊ ಯಾವ ದಾರಿ ಹಿಡಿಯಿತು ಅನ್ನುವುದು, ಎಲ್ಲಾ ಇತ್ತು. ದಾರಿ ಕರ್ನಾಟಕದ ಕಡೆಗೆ. ಗಡಿ ನಮ್ಮ ಊರಿಂದ ಕೂಗಳತೆ. ಫೋನಿನಲ್ಲಿ ಚಿತ್ರ ಹಿಡಕೊಂಡು ಈ ಕಡೆಯ ಠಾಣೆಗೆ ಹೋದೆ. ನೋಡಿದರು, "ಬಂಡಿ ಆ ಕಡೆದು ಅಣ್ಣಾ, ಅಲ್ಲೇ ಕೇಳು" ಅಂದರು. ಆ ಕಡೆಗೆ ಹೋದೆ. "ಕಳ್ಳತನ ಆಗಿದ್ದು ಆಂಧ್ರದಾಗ, ನಮಗೇನು ಸಂಬಂಧ ಯಜಮಾನ್ರೇ" ಅಂದರು. ಈ ಕಡೆ ತೆಲುಗಿನಲ್ಲಿ ಬರಕೊಟ್ಟೆ, ಆ ಕಡೆ ಕನ್ನಡದಲ್ಲಿ ಬರಕೊಟ್ಟೆ. ಎರಡೂ ಭಾಷೆಯಲ್ಲಿ ಪದ್ಯ ಬರೆಯಬಲ್ಲೆ ಎಂಬ ಜಂಬ ಆವತ್ತು ಇಳಿಯಿತು, ಯಾಕೆಂದರೆ ಎರಡು ಭಾಷೆಯಲ್ಲೂ ಒಂದು ಎಫ್.ಐ.ಆರ್. ಹುಟ್ಟಿಸಲಿಕ್ಕೆ ಆಗಲಿಲ್ಲ. ಮೂರು ವಾರ ಬಿಟ್ಟು ಯಾರೋ ಕರೆದು "ಆ ವಿಡಿಯೊ ಇದೆಯಾ" ಎಂದು ಕೇಳಿದಾಗ ಕ್ಯಾಮೆರಾದೊಳಗಿನ ಕಾರ್ಡು ತುಂಬಿ, ಹಳೆಯದರ ಮೇಲೆ ಹೊಸದನ್ನು ಬರೆದುಕೊಂಡಿತ್ತು.

ಇಲ್ಲಿ ಹಿಂದಿನ ಒಂದು ಮಾತು ಹೇಳಬೇಕು. ಕರ್ನಾಟಕದಲ್ಲಿ ತಳವಾರ, ನಮ್ಮ ಈ ಸೀಮೆಯ ತೆಲುಗಿನಲ್ಲಿ ತಲಾರಿ. ಶಬ್ದ ಅಕ್ಕತಂಗಿ, ಕೆಲಸ ಒಂದೇ. 1800ರಲ್ಲಿ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ಇಲ್ಲಿಗೆ ಕಲೆಕ್ಟರಾಗಿ ಬಂದ. ಆಗ ಇದೆಲ್ಲ ದತ್ತ ಮಂಡಲ, ಒಂದೇ ಸೀಮೆ. 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಸಲ್ಲಿಸಿದ ಐದನೆಯ ವರದಿ ಎಂಬುದರಲ್ಲಿ ಹಳ್ಳಿಯ ನೌಕರರ ಪಟ್ಟಿ ಇದೆ. ತಲಾರಿ ಅಪರಾಧದ ಸುದ್ದಿ ಹಿಡಿಯುವವನು, ದಾರಿಗರನ್ನು ಮುಂದಿನ ಊರಿಗೆ ಮುಟ್ಟಿಸುವವನು. ತೋಟಿ ಬೆಳೆ ಕಾಯುವವನು. ಗಡಿ ನೋಡಿಕೊಳ್ಳುವವನು ಬೇರೆಯೇ ಒಬ್ಬ. ನಮ್ಮ ಹಿರಿಯರು ಹೇಳುತ್ತಿದ್ದ ಪದ್ಧತಿ ಏನೆಂದರೆ, ಕಳ್ಳತನವಾದ ಬೆಳಿಗ್ಗೆ ತಲಾರಿ ಹೆಜ್ಜೆ ಹಿಡಿದು ಹೊರಡುತ್ತಿದ್ದ. ಹೆಜ್ಜೆ ಊರ ಗಡಿ ದಾಟಿದರೆ ಗಡಿಕಲ್ಲಿನ ಹತ್ತಿರ ನಿಂತು ಪಕ್ಕದೂರಿನ ತಳವಾರನನ್ನು ಕರೆಸಿ ಹೆಜ್ಜೆ ತೋರಿಸಿ ಒಪ್ಪಿಸುತ್ತಿದ್ದ. ಅಲ್ಲಿಂದ ಮುಂದೆ ಜವಾಬುದಾರಿ ಅವನದು. ಹೆಜ್ಜೆಯನ್ನು ಮುಂದಕ್ಕೆ ಒಪ್ಪಿಸಲಾರದೆ ಹೋದ ಊರು ನಷ್ಟ ಕಟ್ಟಿಕೊಡಬೇಕು. ಆ ಪದ್ಧತಿಯಲ್ಲಿ ಅನ್ಯಾಯ ಕಡಿಮೆ ಇರಲಿಲ್ಲ. ತಲಾರಿಯೇ ಕಳ್ಳರ ಪಾಲುದಾರ ಎಂಬ ಮಾತೂ ಇತ್ತು, ಯಾವ ಕೇರಿಯ ಹೆಜ್ಜೆಯನ್ನು ಕಳ್ಳನ ಹೆಜ್ಜೆ ಅನ್ನಬೇಕು ಎಂಬುದು ಮೊದಲೇ ತೀರ್ಮಾನ ಆಗಿರುತ್ತಿದ್ದ ಊರುಗಳೂ ಇದ್ದವು. ಆದರೂ ಗಡಿಕಲ್ಲಿನ ಆಚೆ ಕೈ ಚಾಚಿ ತಗೊಳ್ಳುವ ಒಬ್ಬ ಮನುಷ್ಯ ಇದ್ದ, ಅವನಿಗೆ ಹೆಸರಿತ್ತು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ. ಅಂದಿನಿಂದ ಹೆಜ್ಜೆ ಹಿಡಿದು ಹೋದವನು ಗಡಿಕಲ್ಲಿನ ಹತ್ತಿರ ಒಂಟಿಯಾಗಿ ನಿಲ್ಲುತ್ತಾನೆ. ಈಗ ಹೆಜ್ಜೆಯ ಬದಲು ವಿಡಿಯೊ ಬಂದಿದೆ. ಅದು ಒಂದು ಕ್ಷಣದಲ್ಲಿ ದೆಹಲಿಗೆ ಮುಟ್ಟುತ್ತದೆ, ಹೊಳಗುಂದಿಯಿಂದ ಸಿರುಗುಪ್ಪಕ್ಕೆ ಮುಟ್ಟುವುದಿಲ್ಲ.

ಕಾನೂನಿನಲ್ಲಿ ದಾರಿ ಇಲ್ಲವೆಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಪೊಲೀಸರೇ ನೇರ ಕೈಗೆತ್ತಿಕೊಳ್ಳಬಹುದಾದ ಅಪರಾಧದ ದೂರನ್ನು, ಅದು ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ, ಯಾವ ಠಾಣೆಯಲ್ಲಾದರೂ ಕೊಡಬಹುದು. ಇದನ್ನೇ ಝೀರೊ ಎಫ್.ಐ.ಆರ್. ಎನ್ನುತ್ತಾರೆ. ಬಾಯಿಮಾತಿನಲ್ಲಿ ಹೇಳಬಹುದು, ಮೊಬೈಲಿನಿಂದಲೂ ಕಳಿಸಬಹುದು, ಮೊಬೈಲಿನಿಂದ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್.ಐ.ಆರ್. ಪ್ರತಿಯನ್ನು ದೂರು ಕೊಟ್ಟವನಿಗೆ ಬಿಟ್ಟಿಯಾಗಿ ಕೊಡಬೇಕು. "ಇದು ನಮ್ಮ ಲಿಮಿಟ್ ಅಲ್ಲ" ಎನ್ನುವ ಮಾತಿಗೆ ಇನ್ನು ಬೆಲೆಯಿಲ್ಲ. ಭಾಷೆಯ ಮಾತಿಗೆ ಬಂದರೆ, ಸಂವಿಧಾನದ 350ನೇ ವಿಧಿಯಂತೆ ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಅಹವಾಲು ಸಲ್ಲಿಸುವ ಹಕ್ಕು ಎಲ್ಲರಿಗೂ ಇದೆ. ಈ ಎರಡು ಸಂಗತಿ ನನಗೆ ಎರಡು ವರ್ಷದ ಕೆಳಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಅಷ್ಟು ಬೇಗ ಎದ್ದು ಬರುತ್ತಿರಲಿಲ್ಲ.

ವಿಡಿಯೊ ಇಟ್ಟುಕೊಂಡವರಿಗೆ ಇನ್ನೊಂದು ಎಚ್ಚರ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಯ ಜತೆ ಒಂದು ಪ್ರಮಾಣಪತ್ರ ಬೇಕು. ಅದರಲ್ಲಿ ಒಂದು ಭಾಗ ಕ್ಯಾಮೆರಾ ಯಾರ ಸ್ವಾಧೀನದಲ್ಲಿದೆಯೋ ಅವರದು, ಇನ್ನೊಂದು ತಿಳಿದ ತಜ್ಞರದು. ಜತೆಗೆ ಹ್ಯಾಶ್ ಎಂಬ ಒಂದು ಉದ್ದನೆಯ ಅಂಕಿ ಅಕ್ಷರದ ಗುರುತನ್ನೂ ಬರೆಯಬೇಕು. ಅದು ವಿಡಿಯೊದ ಬೆರಳಚ್ಚು ಎಂದು ತಿಳಿಯಿರಿ. ಒಂದು ಚುಕ್ಕೆ ಬದಲಾದರೂ ಹ್ಯಾಶ್ ಬದಲಾಗುತ್ತದೆ. ನಮ್ಮ ಮಂದಿ ಮಾಡುವುದು ಏನು? ವಾಟ್ಸಾಪಿನಲ್ಲಿ ಹತ್ತು ಗುಂಪಿಗೆ ಹಾಕಿ "ಇವರ ಗುರುತು ಹೇಳಿ" ಅನ್ನುವುದು. ವಾಟ್ಸಾಪ್ ಅದನ್ನು ಹಿಂಡಿ ಸಣ್ಣದು ಮಾಡಿ ಕಳಿಸುವುದರಿಂದ ಅದು ಮೂಲವಾಗಿ ಉಳಿಯುವುದಿಲ್ಲ. ಕಾರ್ಡನ್ನೇ ತೆಗೆದು ಇಡಬೇಕು, ಬೇರೆ ಕಾರ್ಡು ಹಾಕಬೇಕು, ಕ್ಯಾಮೆರಾದ ಗಡಿಯಾರ ಎಷ್ಟು ಹಿಂದೆ ಮುಂದೆ ಇದೆ ಎಂದು ಒಂದು ಚೀಟಿಯಲ್ಲಿ ಬರೆದಿಡಬೇಕು. ಖರೀದಿ ರಸೀದಿ ಬಿಸಾಡಬಾರದು. ಅಂಗಡಿಯವರಿಗೂ ಈ ಮಾತು ಸಲ್ಲುತ್ತದೆ. ನೂರು ಮಂದಿ ಒಮ್ಮೆಗೆ, ಅಥವಾ ದಿನಕ್ಕೆ ಐನೂರು ಮಂದಿ ಬಂದು ಹೋಗುವ ಜಾಗಗಳಲ್ಲಿ ಕ್ಯಾಮೆರಾ ಇಡಬೇಕು, 30 ದಿನದ ದೃಶ್ಯ ಉಳಿಸಬೇಕು ಎಂದು ಒಂದಾಗಿದ್ದ ಆಂಧ್ರಪ್ರದೇಶ 2013ರಲ್ಲೇ ಕಾಯ್ದೆ ಮಾಡಿತು. ಕರ್ನಾಟಕದ್ದೂ 2017ರ ಹೆಸರಿನಲ್ಲಿ ಅಂಥದೇ ಒಂದು ಕಾಯ್ದೆ ಇದೆ. ಆದವಾನಿಯ ಹತ್ತಿ ಪೇಟೆಯಾಗಲಿ, ಬಳ್ಳಾರಿಯ ಪೇಟೆಯಾಗಲಿ, ದೊಡ್ಡ ಅಂಗಡಿಗಳೆಲ್ಲ ಇದಕ್ಕೆ ಬದ್ಧ. (ಒಂದು ಮಾತು ಪಕ್ಕಕ್ಕೆ: ಪೇಟೆಯಲ್ಲಿ ನಾನು ಕಂಡ ಕ್ಯಾಮೆರಾಗಳೆಲ್ಲ ಗಲ್ಲಾಪೆಟ್ಟಿಗೆಯ ಮೇಲೆ ಇವೆ. ತಕ್ಕಡಿಯ ಮೇಲೆ ಒಂದೂ ಕಾಣಲಿಲ್ಲ.)

ಇನ್ನು ಈ ಕಣ್ಣು ನೋಡುವುದು ಹೇಗೆ ಎಂಬುದನ್ನು ಸ್ವಲ್ಪ ತಿಳಿಯಬೇಕು, ಇಲ್ಲದಿದ್ದರೆ ಮಾರುವವನು ಹೇಳಿದ್ದೇ ವೇದ. ಹಳೆಯ ಕ್ಯಾಮೆರಾ ಬರೀ ಚಿತ್ರ ಹಿಡಿಯುತ್ತಿತ್ತು, ನೋಡುವ ಕೆಲಸ ಮನುಷ್ಯನದು. ಈಗಿನದರಲ್ಲಿ ಕಂಪ್ಯೂಟರೇ ನೋಡಿ, ಇದು ಮನುಷ್ಯ, ಇದು ದನ, ಇದು ಬಂಡಿ ಎಂದು ವಿಂಗಡಿಸುತ್ತದೆ. ಹೀಗೆ ವಿಂಗಡಿಸಲು ಅದಕ್ಕೆ ಮೊದಲು ಲಕ್ಷಾಂತರ ಚಿತ್ರ ತೋರಿಸಿ ಪಾಠ ಹೇಳಿರುತ್ತಾರೆ. ಇಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ ಒಂದು ಪಟ್ಟಿ ತೋರಿಸಿದ. ಲೋಕದಾದ್ಯಂತ ಈ ವಿದ್ಯೆಗೆ ಓನಾಮ ಹಾಕಿಸಲು ಬಹಳವಾಗಿ ಬಳಸುವ, 2014ರಲ್ಲಿ ಅಮೆರಿಕದಲ್ಲಿ ತಯಾರಾದ ಕೊಕೊ ಎಂಬ ಚಿತ್ರಸಂಗ್ರಹದ 80 ಹೆಸರುಗಳ ಪಟ್ಟಿ. ಅದರಲ್ಲಿ ಆಕಳು ಇದೆ, ಕುರಿ ಇದೆ, ಆನೆ ಇದೆ. ಜೀಬ್ರಾ ಇದೆ, ಜಿರಾಫೆ ಇದೆ. ಎಮ್ಮೆ ಇಲ್ಲ, ಆಡು ಇಲ್ಲ, ಟ್ರ್ಯಾಕ್ಟರು ಇಲ್ಲ. ಹಂದಿ ಇಲ್ಲವೇ ಇಲ್ಲ. "ಮಾಮಾ, ನಿನ್ನ ಸೇಂಗಾ ಹೊಲಕ್ಕ ಜಿರಾಫೆ ಬಂದ್ರ ಇದು ಹಿಡೀತದ, ಕಾಡುಹಂದಿ ಬಂದ್ರ ನೀನ ಎದ್ದು ಹೋಗಬೇಕು" ಅಂದ. ಹೊಸದಾಗಿ ಪಾಠ ಹೇಳಿಸಿದರೆ ಹಂದಿಯನ್ನೂ ಕಲಿಯುತ್ತದೆ, ಅದರಲ್ಲಿ ಸಂದೇಹವಿಲ್ಲ. ಕರ್ನಾಟಕ ಆಂಧ್ರದ ಕೃಷಿ ವಿಶ್ವವಿದ್ಯಾಲಯಗಳು ಮನಸ್ಸು ಮಾಡಿದರೆ ನಮ್ಮ ಹೊಲದ ಹಂದಿ, ನರಿ, ಜಿಂಕೆ, ಬಂಡಿ, ಕಂಬಳಿ ಹೊದ್ದ ಮನುಷ್ಯ ಇವುಗಳ ಚಿತ್ರ ಕೂಡಿಸುವುದು ಅಸಾಧ್ಯದ ಕೆಲಸವಲ್ಲ.

ಎರಡನೆಯದು ಮೊಬೈಲ್ ಜಾಲ. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಶುರುವಾಯಿತು. ಜಾಹೀರಾತಿನಲ್ಲಿ ಹೇಳುವ ವೇಗ ಬಹುಪಾಲು ಟವರಿನಿಂದ ಫೋನಿಗೆ ಇಳಿಯುವ ವೇಗ, ಸಿನಿಮಾ ನೋಡುವವನಿಗೆ ಬೇಕಾದದ್ದು. ಕ್ಯಾಮೆರಾಕ್ಕೆ ಬೇಕಾದದ್ದು ಹೊಲದಿಂದ ಟವರಿಗೆ ಏರುವ ವೇಗ. ಆ ದಾರಿ ಯಾವಾಗಲೂ ಕಿರಿದು. ಲೆಕ್ಕ ಹಾಕಿ ನೋಡಿ: ಸಾಧಾರಣ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ಟಿನಂತೆ ಬಿಡದೆ ಕಳಿಸಿದರೆ ದಿನಕ್ಕೆ 21 ಜಿ.ಬಿ. ದಾಟುತ್ತದೆ. ನಾವು ಹಾಕಿಸುವ ರೀಚಾರ್ಜು ದಿನಕ್ಕೆ ಒಂದೂವರೆ, ಎರಡು ಜಿ.ಬಿ. ಹಾಗಾಗಿ ಈ ಕ್ಯಾಮೆರಾಗಳು ಏನಾದರೂ ಅಲುಗಾಡಿದಾಗ ಮಾತ್ರ ಎದ್ದು ಹತ್ತು ಇಪ್ಪತ್ತು ಸೆಕೆಂಡಿನ ತುಣುಕು ಕಳಿಸುತ್ತವೆ. ಅಂದರೆ ಏನು ಮುಖ್ಯ, ಏನು ಮುಖ್ಯವಲ್ಲ ಎಂಬ ತೀರ್ಮಾನ ನಾವು ನೋಡುವ ಮೊದಲೇ ಆಗಿಹೋಗಿರುತ್ತದೆ. ಗಡಿಯಲ್ಲಿ ಇನ್ನೊಂದು ತಾಪತ್ರಯ. ನಮ್ಮ ಸಿಮ್ಮು ಗಾಳಿ ಬೀಸಿದ ಕಡೆ ಒಮ್ಮೆ ಆಂಧ್ರದ ಟವರು, ಒಮ್ಮೆ ಕರ್ನಾಟಕದ ಟವರು ಹಿಡಿಯುತ್ತದೆ. ಆ ಹಿಡಿದು ಬಿಡುವ ಹೊತ್ತಿನಲ್ಲೇ ಸಂದೇಶ ತಡ. ಕ್ಯಾಮೆರಾ ಕಂಡದ್ದು ಒಂದು ಗಂಟೆಗೆ, ಫೋನು ಕೂಗಿದ್ದು ಒಂದೂಕಾಲಿಗೆ ಎಂದು ಎಷ್ಟೋ ರೈತರು ಹೇಳುತ್ತಾರೆ.

ಈಗ ನನಗೆ ಹೇಳಲು ನಾಚಿಕೆಯಾಗುವ ಸಂಗತಿ. ಕೇಬಲ್ ಹೋದ ಮೇಲೆ ಮನೆಯವರೆಲ್ಲರ ಎದೆಯಲ್ಲಿ ಒಂದು ಸಿಟ್ಟು ಕೂತಿತ್ತು. ಮುಂದಿನ ಬೇಸಿಗೆಯಲ್ಲಿ ಒಂದು ರಾತ್ರಿ ಫೋನು ಕೂಗಿತು. ತೆರೆದರೆ ತೊಟ್ಟಿಯ ಹತ್ತಿರ ಒಂದು ಆಕೃತಿ, ಸುತ್ತ ಕೆಂಪು ಚೌಕ, ಮೇಲೆ ಇಂಗ್ಲೀಷಿನಲ್ಲಿ ಅಪರಿಚಿತ ವ್ಯಕ್ತಿ ಎಂದು ಬರಹ. ಮಗ, ಅಳಿಯ, ಪಕ್ಕದ ಮನೆಯ ಹುಡುಗರು ಸೇರಿ ನಾಲ್ಕು ಬಡಿಗೆ ಹಿಡಿದು ಓಡಿದರು. ನಾನು ಹಿಂದೆ. ಮಗ ದೂರದಿಂದಲೇ ಕೂಗಿದ, "ಎವರ್ರಾ ಅದಿ?" ಉತ್ತರ ಕನ್ನಡದಲ್ಲಿ ಬಂತು. "ನಾನಪ್ಪಾ, ಕುರಿಯಾವ. ನೀರಿಗೆ ಬಂದೀನಿ." ಟಾರ್ಚು ಹಾಕಿದರೆ ಎಪ್ಪತ್ತು ದಾಟಿದ ಮುದುಕ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಎರಡು ಕೊಡ. ನಡುಗುತ್ತಿದ್ದ. "ಯಾರೋ ಇಂಗ್ಲೀಷಿನಾಗ ಬೈದ್ರು ಯಜಮಾನ, ಲೈಟು ಬಿತ್ತು, ಮನುಷ್ಯಾರು ಕಾಣಲಿಲ್ಲ" ಅಂದ. ಬೈದದ್ದು ಕ್ಯಾಮೆರಾ. ಅದಕ್ಕೆ ಕನ್ನಡವೂ ಬಾರದು, ತೆಲುಗೂ ಬಾರದು.

ಆ ಅಜ್ಜ ಕರ್ನಾಟಕದ ಕಡೆಯಿಂದ ಕುರಿ ಹೊಡಕೊಂಡು ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಈ ಕಡೆಗೆ ಬರುವವನು. ಅವನ ತಂದೆಯ ಕಾಲದಿಂದಲೂ ನಮ್ಮ ಹೊಲದಲ್ಲಿ ಮಂದೆ ತರುಬುತ್ತಿದ್ದರು, ನಮ್ಮಪ್ಪ ಅದಕ್ಕೆ ಜೋಳ ಅಳೆದು ಕೊಡುತ್ತಿದ್ದ. ಗಡಿ ಹುಟ್ಟುವುದಕ್ಕಿಂತ ಮೊದಲಿನ ನಂಟು. ನಾನು ಅವನನ್ನು ಬಲ್ಲೆ, ಮಗ ಬಲ್ಲ. ಫೋನಿನಲ್ಲಿ ಮಾತ್ರ ಇಬ್ಬರೂ ಗುರುತು ಹಿಡಿಯಲಿಲ್ಲ. ಕೆಂಪು ಚೌಕ ಕಂಡಿತು, ಅದರೊಳಗಿನ ಮನುಷ್ಯ ಕಾಣಲಿಲ್ಲ. ಮಗ ಕೂಗದೆ ಬಡಿಗೆ ಬೀಸಿದ್ದರೆ ಇವತ್ತು ಈ ಬರಹದ ವಿಷಯ ಬೇರೆ ಇರುತ್ತಿತ್ತು. ಹಳ್ಳಿಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸುಳ್ಳು ಹಬ್ಬಿ 2018ರಲ್ಲಿ ದೇಶದ ಎಷ್ಟೋ ಕಡೆ ದಾರಿಹೋಕರನ್ನು ಬಡಿದು ಕೊಂದದ್ದನ್ನು ನಾವು ಮರೆಯುವಂತಿಲ್ಲ. ಬೀದರ ಜಿಲ್ಲೆಯಲ್ಲಿ ಹಾಗೆ ಸತ್ತವನು ಹೈದರಾಬಾದಿನಿಂದ ಬಂದಿದ್ದ ಯುವಕ. ಅದೂ ಗಡಿಯ ಊರೇ.

ನಮ್ಮ ಭಾಗದ ತೆಲುಗಿನಲ್ಲಿ ಪೊಲೀಸರ ಕಣ್ಗಾವಲಿಗೆ ನಿಘಾ ಅನ್ನುತ್ತಾರೆ. ಕನ್ನಡದಲ್ಲಿ ನಿಗಾ. ಮೂಲ ಒಂದೇ, ಆದರೆ ಕನ್ನಡದಲ್ಲಿ ರೋಗಿಯ ಮೇಲೂ ನಿಗಾ ಇಡುತ್ತೇವೆ, ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕ ಇದೆ. ಕಾಯುವುದು, ಕಾಪಾಡುವುದು ಎರಡೂ ಅದರಲ್ಲಿ ಬಂತು. ಸರ್ಕಾರಗಳು ಈಗ ಇಡುತ್ತಿರುವುದು ಯಾವ ನಿಗಾ?

ತೆಲಂಗಾಣದ ಪೊಲೀಸರು 2018ರಿಂದಲೇ ಮೊಬೈಲಿನಲ್ಲಿ ಮುಖ ಗುರುತಿಸುವ ವ್ಯವಸ್ಥೆ ಬಳಸುತ್ತಿದ್ದಾರೆ. 2021ರ ಮೇ ತಿಂಗಳ ಲಾಕ್‌ಡೌನಿನಲ್ಲಿ ಹೈದರಾಬಾದಿನ ಒಬ್ಬ ಸಾಮಾಜಿಕ ಕಾರ್ಯಕರ್ತರನ್ನು ರಸ್ತೆಯಲ್ಲಿ ತಡೆದು, ಮಾಸ್ಕ್ ತೆಗೆಸಿ ಫೋಟೊ ಹಿಡಿದರು. ಯಾಕೆ, ಯಾವ ಕಾನೂನಿನಲ್ಲಿ ಎಂದು ಅವರು ಹೈಕೋರ್ಟಿಗೆ ಹೋದರು, 2022ರ ಜನವರಿಯಲ್ಲಿ ಕೋರ್ಟು ಸರ್ಕಾರಕ್ಕೆ ನೋಟಿಸು ಕೊಟ್ಟಿತು. ದೆಹಲಿ ಪೊಲೀಸರು ಮಾಹಿತಿ ಹಕ್ಕಿನ ಅರ್ಜಿಗೆ 2022ರಲ್ಲಿ ಕೊಟ್ಟ ಉತ್ತರದ ಪ್ರಕಾರ ಯಂತ್ರ ನೂರಕ್ಕೆ ಎಂಬತ್ತು ಹೋಲಿಕೆ ಇದೆ ಎಂದರೆ ಅವನೇ ಇವನು ಎಂದು ಎಣಿಸುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ಎಂಬತ್ತು ಬಂದರೆ ಊರಿಗೆಲ್ಲ ಸಿಹಿ ಹಂಚಬಹುದು. ಒಬ್ಬನ ಕೈಗೆ ಬೇಡಿ ಹಾಕಲು ಎಂಬತ್ತು ಸಾಕೆ? 2018ರಲ್ಲಿ ಅಮೆರಿಕದ ಸಂಶೋಧಕಿಯರಿಬ್ಬರು ದೊಡ್ಡ ಕಂಪನಿಗಳ ಯಂತ್ರಗಳನ್ನು ಪರೀಕ್ಷಿಸಿದಾಗ, ಮುಖ ನೋಡಿ ಗಂಡೊ ಹೆಣ್ಣೊ ಹೇಳುವ ಸರಳ ಕೆಲಸದಲ್ಲೇ ಬಿಳಿ ಗಂಡಸರ ವಿಷಯದಲ್ಲಿ ತಪ್ಪು ನೂರಕ್ಕೆ ಒಂದೂ ಇರಲಿಲ್ಲ, ಕಪ್ಪು ಹೆಂಗಸರ ವಿಷಯದಲ್ಲಿ 34ರವರೆಗೆ ಹೋಗಿತ್ತು. ಬಿಸಿಲಿನಲ್ಲಿ ಸುಟ್ಟ ನಮ್ಮ ಹೆಣ್ಣಾಳುಗಳ ಮುಖ ಯಾವ ಕಡೆಗೆ ಸೇರುತ್ತದೆ ಎಂದು ಹೇಳಬೇಕಾಗಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಂಧ್ರದಲ್ಲಿ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರೂ ಆಗಿದ್ದವರು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ಆದರೆ ಅದರ 17ನೇ ಕಲಮು ಸರ್ಕಾರ ತನ್ನ ಯಾವ ಸಂಸ್ಥೆಯನ್ನು ಬೇಕಾದರೂ ಸುರಕ್ಷತೆಯ ಹೆಸರಿನಲ್ಲಿ ಹೊರಗಿಡಲು ಬಾಗಿಲು ತೆರೆದಿದೆ. ನಮ್ಮ ಅಂಗಡಿಯ ಕ್ಯಾಮೆರಾಕ್ಕೆ ನಿಯಮ ಬಿಗಿ, ಕಂಬದ ಮೇಲಿನ ಸರ್ಕಾರಿ ಕ್ಯಾಮೆರಾಕ್ಕೆ ಸಡಿಲ ಎಂಬಂತಾಗಿದೆ.

ಹೀಗೆಂದ ಮಾತ್ರಕ್ಕೆ ಸರ್ಕಾರದ ಕ್ಯಾಮೆರಾ ಎಲ್ಲ ಕೆಟ್ಟದ್ದು ಎಂದು ತಿಳಿಯಬಾರದು. ಆಂಧ್ರದ ಪೊಲೀಸರು ಸುಮಾರು 2017ರಿಂದ ಬೀಗ ಹಾಕಿದ ಮನೆಗಳ ಮೇಲೆ ನಿಘಾ ಇಡುವ ಒಂದು ಪದ್ಧತಿ ತಂದರು. ಊರಿಗೆ ಹೋಗುವವರು ಮೊಬೈಲಿನಲ್ಲಿ ತಿಳಿಸಿದರೆ ಪೊಲೀಸರು ಬಂದು ಮನೆಯೊಳಗೆ ಕ್ಯಾಮೆರಾ ಇಟ್ಟು ಹೋಗುತ್ತಾರೆ, ಒಳಗೆ ಯಾರಾದರೂ ಅಲುಗಾಡಿದರೆ ಕಂಟ್ರೋಲ್ ರೂಮಿಗೆ ಸುದ್ದಿ ಮುಟ್ಟುತ್ತದೆ. ಇಲ್ಲಿ ಕರೆದವನು ಮನೆಯವನೇ, ವಾಪಸು ಬಂದ ಮೇಲೆ ಕ್ಯಾಮೆರಾ ತೆಗೆಸುವವನೂ ಅವನೇ. ಆದವಾನಿ, ಕೋಸಿಗಿ ಕಡೆಯಿಂದ ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಸಂಸಾರ ಸಮೇತ ಗುಂಟೂರಿಗೆ ಗುಳೆ ಹೋಗುವವರ ಮನೆಗಳು ತಿಂಗಳುಗಟ್ಟಲೆ ಬೀಗ ಬಿದ್ದಿರುತ್ತವೆ. ಈ ಸೌಲಭ್ಯ ಯಾರಿಗಾದರೂ ಮುಟ್ಟಬೇಕಾದರೆ ಅವರಿಗೆ ಮುಟ್ಟಬೇಕು. ಪಟ್ಟಣದ ಬಡಾವಣೆಗಳಲ್ಲೇ ಅದು ನಿಂತರೆ ನಮಗೇನು ಬಂತು?

ಜಾತ್ರೆ ಜನಸಂದಣಿಯ ವಿಷಯದಲ್ಲೂ ಈ ವಿದ್ಯೆಯಿಂದ ಉಪಕಾರವಿದೆ. ಮುಖ ಯಾರದೆಂದು ಕೇಳದೆ ತಲೆ ಎಷ್ಟೆಂದು ಎಣಿಸಿದರೆ ಸಾಕು. ಒಂದು ಚದರ ಮೀಟರಿಗೆ ಐದಾರು ಮಂದಿ ಮೀರಿದರೆ ಅಲ್ಲಿ ಮನುಷ್ಯ ತನ್ನ ಕಾಲಿನ ಮೇಲೆ ತಾನು ನಿಲ್ಲಲಾರ, ಗುಂಪು ತಳ್ಳಿದ ಕಡೆ ಹೋಗುತ್ತಾನೆ. ತಿರುಮಲದಲ್ಲಿ 2023ರ ಮಾರ್ಚಿನಿಂದ ಮುಖ ಗುರುತಿಸುವ ಯಂತ್ರ ಪ್ರಯೋಗಕ್ಕೆ ಬಂತು. ಆದರೂ 2025ರ ಜನವರಿ 8ರಂದು ಕೆಳಗೆ ತಿರುಪತಿಯಲ್ಲಿ ವೈಕುಂಠ ದ್ವಾರ ದರ್ಶನದ ಟೋಕನ್ನಿಗೆ ನಿಂತವರ ನೂಕುನುಗ್ಗಲಿನಲ್ಲಿ 6 ಮಂದಿ ಸತ್ತರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತಿರುಮಲದ ಹೊಸ ನಿಯಂತ್ರಣ ಕೇಂದ್ರ ತೆರೆದಿದೆ, ಕೃತಕ ಬುದ್ಧಿಯ ಕ್ಯಾಮೆರಾಗಳು ಸರತಿಯ ಉದ್ದ ಎಣಿಸುತ್ತವೆ. ಒಳ್ಳೆಯದೇ. ಆದರೆ ಪ್ರಯಾಗದ ಕುಂಭಮೇಳದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಇದ್ದವು, ಅವುಗಳಲ್ಲಿ ನೂರಾರು ಗುಂಪು ಎಣಿಸಬಲ್ಲವು, ಆದರೂ 2025ರ ಜನವರಿ 29ರ ನಸುಕಿನಲ್ಲಿ ಸರ್ಕಾರದ ಲೆಕ್ಕದಂತೆಯೇ 30 ಮಂದಿ ತುಳಿತಕ್ಕೆ ಸಿಕ್ಕಿ ಸತ್ತರು. ಕಣ್ಣು ಇತ್ತು. ಕಂಡ ಕೂಡಲೇ ಬಾಗಿಲು ತೆಗೆಸುವ, ದಾರಿ ಬದಲಿಸುವ ಕೈ ಹೊತ್ತಿಗೆ ಬರಲಿಲ್ಲ.

ನಮ್ಮ ದೇವರಗಟ್ಟಿಗೇ ಬನ್ನಿ. ಹೊಳಗುಂದಿ ಮಂಡಲದ ಗುಡ್ಡದ ಮೇಲೆ ಮಾಳಮ್ಮ ಮಲ್ಲೇಶ್ವರ, ವಿಜಯದಶಮಿಯ ಮಧ್ಯರಾತ್ರಿ ಬನ್ನಿ ಉತ್ಸವ. ಆಂಧ್ರದವರಷ್ಟೇ ಕರ್ನಾಟಕದವರೂ ಸೇರುವ ಜಾತ್ರೆ ಅದು. ದೇವರ ಮೂರ್ತಿಗಾಗಿ ಊರೂರಿನವರು ಬಡಿಗೆ ಹಿಡಿದು ಕಾದುತ್ತಾರೆ, ತಲೆ ಒಡೆಯುವುದು ವರ್ಷ ವರ್ಷವೂ ಇದ್ದದ್ದೇ. ಈಚಿನ ವರ್ಷಗಳಲ್ಲಿ ಪೊಲೀಸರು ಸಿ.ಸಿ. ಕ್ಯಾಮೆರಾ ಹಾಕುತ್ತಾರೆ, ಡ್ರೋನು ಹಾರಿಸುತ್ತಾರೆ. 2025ರಲ್ಲೂ ಜೀವ ಹೋದವು, ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಡ್ರೋನು ಮೇಲಿಂದ ಎಲ್ಲವನ್ನೂ ಕಂಡಿತು. ನಾನು ಹುಡುಗನಾಗಿದ್ದಾಗಿನಿಂದ ಈ ಜಾತ್ರೆಗೆ ಹೋದವನು, ಅಲ್ಲಿ ಕೆಲಸ ಮಾಡಿದ್ದೇನಾದರೂ ಇದ್ದರೆ ಅದು ಕ್ಯಾಮೆರಾ ಅಲ್ಲ, ಹಬ್ಬಕ್ಕೆ ಮೊದಲು ಊರೂರಿಗೆ ಬಂದು ಹಿರಿಯರನ್ನು ಕೂಡಿಸಿ ಮಾತಾಡುವ ಅಧಿಕಾರಿ, ಹತ್ತಿರದಲ್ಲಿ ನಿಲ್ಲಿಸಿದ ಆಂಬುಲೆನ್ಸು.

ಪೇಟೆಯ ವರ್ತಕರಿಗೂ ಒಂದು ಮಾತು. ಅಗ್ಗದ ಕ್ಯಾಮೆರಾ ತಂದು, ಪೆಟ್ಟಿಗೆಯಲ್ಲಿ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡವರು ತಮ್ಮ ಮನೆಯನ್ನೇ ಬೀದಿಗೆ ತೆರೆದಂತೆ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟೆಯ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ದೃಶ್ಯಗಳು ಕಿಡಿಗೇಡಿಗಳ ಕೈ ಸೇರಿ ಇಂಟರ್ನೆಟ್ಟಿನಲ್ಲಿ ಮಾರಾಟಕ್ಕೆ ಬಿದ್ದವು. ಹೆಂಗಸರ ಮಾನ ಹರಾಜಾಯಿತು. ಅದೇ ವರ್ಷದ ಏಪ್ರಿಲ್ 9ರಿಂದ ಕೇಂದ್ರ ಸರ್ಕಾರ ಹೊಸದಾಗಿ ಮಾರುವ ಸಿ.ಸಿ. ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆ ಕಡ್ಡಾಯ ಮಾಡಿದೆ. ಕೊಳ್ಳುವಾಗ ಕೇಳಿ ಕೊಳ್ಳಿರಿ. ಮನೆಗೆ ಹೋಗಿ ಮೊದಲ ಕೆಲಸವಾಗಿ ಪಾಸ್‌ವರ್ಡು ಬದಲಿಸಿರಿ.

ನಮ್ಮ ಬೇಡಿಕೆ ದೊಡ್ಡದಲ್ಲ. ಕರ್ನೂಲು, ಅನಂತಪುರ, ಶ್ರೀ ಸತ್ಯಸಾಯಿ ಜಿಲ್ಲೆಗಳ ಪೊಲೀಸರೂ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಪೊಲೀಸರೂ ಗಡಿಯ ಪ್ರತಿ ಠಾಣೆಯಲ್ಲಿ ಒಬ್ಬೊಬ್ಬ ಸಿಬ್ಬಂದಿಯನ್ನು, ಎರಡು ಭಾಷೆ ಬಲ್ಲವನನ್ನು, ಈ ಕೆಲಸಕ್ಕೆಂದೇ ಹೆಸರಿಸಬೇಕು. ಈ ಕಡೆಯ ದೂರು, ಈ ಕಡೆಯ ವಿಡಿಯೊ ಆ ಕಡೆಗೆ ಕೊಟ್ಟರೆ ಅವನು ರಸೀದಿ ಹಾಕಿ ತಗೊಳ್ಳಬೇಕು. ಚುನಾವಣೆ ಬಂದಾಗ, ಹೆಂಡ ಸಾಗಣೆ ತಡೆಯುವಾಗ ಎರಡೂ ಕಡೆಯ ಅಧಿಕಾರಿಗಳು ಒಂದೇ ಮೇಜಿನ ಸುತ್ತ ಕೂಡುತ್ತಾರಲ್ಲ, ರೈತನ ಕೇಬಲ್ಲಿಗೆ ಕೂಡಬಾರದೆ? ಊರಿನಲ್ಲಿ, ಪೇಟೆಯಲ್ಲಿ ಸಾರ್ವಜನಿಕರ ದುಡ್ಡಿನಿಂದ ಹಾಕಿದ ಪ್ರತಿ ಕ್ಯಾಮೆರಾದ ಕೆಳಗೆ ಕನ್ನಡ ತೆಲುಗು ಎರಡರಲ್ಲೂ ಒಂದು ಫಲಕ ಇರಬೇಕು. ಇದು ಯಾರದು, ಎಷ್ಟು ದಿನ ದೃಶ್ಯ ಇಡುತ್ತಾರೆ, ಮುಖ ಹೋಲಿಸಿ ನೋಡುತ್ತಾರೋ ಇಲ್ಲವೋ, ತಪ್ಪಾದರೆ ಯಾರನ್ನು ಕೇಳಬೇಕು ಎಂದು ಬರೆದಿರಬೇಕು. ಯಂತ್ರ ಹೇಳಿತು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಠಾಣೆಗೆ ಎಳೆಯಬಾರದು.

ಠಾಣೆಯ ಮಾತು ಬಂದಾಗ ಇನ್ನೊಂದು. ದೇಶದ ಪ್ರತಿ ಪೊಲೀಸ್ ಠಾಣೆಯೊಳಗೆ ಕ್ಯಾಮೆರಾ ಇರಬೇಕು, 18 ತಿಂಗಳ, ಆಗದಿದ್ದರೆ ಕನಿಷ್ಠ ಒಂದು ವರ್ಷದ ದೃಶ್ಯ ಉಳಿಸಬೇಕು ಎಂದು ಸುಪ್ರೀಂ ಕೋರ್ಟು 2020ರ ಡಿಸೆಂಬರ್ 2ರಂದು ಆದೇಶ ಮಾಡಿತು. ಐದು ವರ್ಷವಾಗುತ್ತ ಬಂದರೂ ಅವು ಕೆಟ್ಟು ಕೂತಿವೆ ಎಂಬ ವರದಿ ಕಂಡು 2025ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟು ತಾನಾಗಿ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ಊರ ನಡುವೆ ಕಂಬ ನೆಡುವ ಮೊದಲು ಈ ಕ್ಯಾಮೆರಾಗಳನ್ನು ರಿಪೇರಿ ಮಾಡಿಸಲಿ.

ಈ ಬೇಡಿಕೆಗಳನ್ನು ಅರ್ಜಿಯಾಗಿ ಬರೆದು ನಮ್ಮ ಕಡೆಯ ನಾಲ್ಕು ಊರಿನ ರೈತರು ಸಹಿ, ಹೆಬ್ಬೆಟ್ಟು ಹಾಕಿದ್ದೇವೆ. ಕುರಿಯ ಅಜ್ಜನೂ ಈ ಸಲ ಬಂದಾಗ ತಾನಾಗಿ ಕೇಳಿ ಹೆಬ್ಬೆಟ್ಟು ಒತ್ತಿದ. "ಅವನು ಆ ರಾಜ್ಯದವನಲ್ಲಾ, ನಡೀತದಾ?" ಎಂದು ಒಬ್ಬರು ಕೇಳಿದರು. ಇರಲಿ ಬಿಡಿ ಅಂದೆ. ತೆಲುಗಿನ ಪ್ರತಿಗೆ ಕಚೇರಿಯಲ್ಲಿ ಸ್ವೀಕೃತಿ ಸಿಕ್ಕಿತು. ಕನ್ನಡದ ಪ್ರತಿಯನ್ನು ಓದುವವರು ರಜೆಯಲ್ಲಿದ್ದಾರಂತೆ, ಸೋಮವಾರ ಬನ್ನಿ ಎಂದಿದ್ದಾರೆ.